ನೆತ್ತಿಯ ಗಳ ಮೇಲಕ್ಕೋ ಕೆಳಕ್ಕೋ

ಕಾರಿಂಗ್: ತಗಡು. ಇನ್ನು ನಾನೇನೂ ಹೇಳಲ್ಲ. ತಗಡು.

ಫಿಲೆಮೋನ್: ಇನ್ನೇನೂ ಹೇಳಲ್ಲ ಅಂತ ಬೆಳಿಗ್ಗೆಯಿಂದ ಹನ್ನೊಂದು ಸಲ ಹೇಳಿದೀಯ.

ಕಾರಿಂಗ್: ಅದನ್ನ ಎಣಿಸ್ತಾ ಕೂತಿದ್ಯಾ? ಅದಕ್ಕೇ ಮೂರು ವಾರ ಆದ್ರೂ ಕಂಬದ ಮೇಲೊಂದು ಮಾಡು ಇಲ್ಲ.

ಫಿಲೆಮೋನ್: ಮಾಡು ಇಲ್ಲದಿರೋದು ನಿನ್ನಿಂದ. ನೀಪಾ ತಾಳೆಗರಿ ಹೊದಿಸೋಣ ಅಂತ ನಾನು ಮೊದಲ ದಿನಾನೇ ಹೇಳಿದೀನಿ.

ಉರ್ಬಾನೊ (ಮೇಲಿನಿಂದ): ಯಾವುದಾದ್ರೂ ಒಂದು ಹೇಳ್ರಪ್ಪ. ಈ ಗಳ ಹೊತ್ತು ನನ್ನ ತೊಡೆ ಜೋಮು ಹಿಡೀತು.

ನಾನು ಅಲ್ಲಿಗೆ ಹೋಗಿದ್ದು ನನ್ನ ಸುತ್ತಿಗೆ ವಾಪಸು ತರಲು. ಫಿಲೆಮೋನ್ ನಮ್ಮ ಪಕ್ಕದ ಮನೆಯವನು; ಇಸಕೊಂಡ ವಸ್ತು ಹಿಂದಿರುಗಿಸುವ ಅಭ್ಯಾಸ ಅವನ ವಂಶದಲ್ಲೇ ಇಲ್ಲ. ಹಳ್ಳದ ದಂಡೆಗೆ ಬಂದೆನೋ ಇಲ್ಲವೋ, "ಮೇಷ್ಟ್ರೇ, ಒಂದು ನಿಮಿಷ ಈ ಏಣಿ ಹಿಡ್ಕೊಳ್ಳಿ, ಕೆಸರಲ್ಲಿ ಜಾರುತ್ತೆ" ಎಂದ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ನಾನು. ಆ ಒಂದು ನಿಮಿಷ ಎಷ್ಟು ಉದ್ದ ಅಂತ ನನಗಾದರೂ ತಿಳಿಯಬೇಕಿತ್ತು. ಹಿಡಿದುಕೊಂಡೆ.

ಏಣಿಯ ತುದಿಯಲ್ಲಿ ಅವನ ಹೆಂಡತಿ ಕಾರಿಂಗಳ ಅಣ್ಣ ಉರ್ಬಾನೊ ಅಡ್ಡತೊಲೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಮಾಡಿನ ನೆತ್ತಿಗೆ ಕಟ್ಟಬೇಕಾದ ಬಿದಿರಿನ ಗಳ ಅವನ ತೊಡೆಯ ಮೇಲಿತ್ತು. ಗರಿ ಹೊದಿಸುವುದಾದರೆ ಮಾಡು ಕಡಿದಾಗಿರಬೇಕು, ಇಲ್ಲದಿದ್ದರೆ ನೀರು ಜಾರುವುದಿಲ್ಲ. ಹಾಗಾಗಿ ಗಳ ಮೇಲಕ್ಕೆ ಹೋಗಬೇಕು. ತಗಡಾದರೆ ಸ್ವಲ್ಪ ಇಳಿಜಾರು ಸಾಕು; ಗಳ ಕೆಳಕ್ಕೆ. ಗಂಡ ಹೆಂಡತಿ ಒಂದು ಮಾತಿಗೆ ಬರುವವರೆಗೂ ಗಳಕ್ಕೆ ಅವನ ತೊಡೆಯೇ ಗತಿ, ಏಣಿಗೆ ನನ್ನ ಕೈಯೇ ಗತಿ.

ಇಷ್ಟಕ್ಕೂ ಕಾರಿಂಗಳಿಗೆ ಈ ಮಾಡಿನ ಉಸಾಬರಿ ಯಾಕೆ ಅನ್ನುವುದೇ ಊರಿಗೆಲ್ಲ ಬಗೆಹರಿಯದ ಪ್ರಶ್ನೆ. ಮೂರು ವಾರದ ಹಿಂದೆ ಅವಳೂ ನಾನೂ ಅವರ ಗೇಟಿನ ಹತ್ತಿರ ಬುಟ್ಟಿಯ ಮೀನು ಆರಿಸುತ್ತ ನಿಂತಿದ್ದಾಗ, ಫಿಲೆಮೋನ್ ಹೆಗಲ ಮೇಲೆ ಬಿದಿರಿನ ಹೊರೆ ಹೊತ್ತು ಬಂದ. "ಹಳ್ಳದ ಹತ್ರ ನಾವೊಂದು ಕೂಬೊ ಕಟ್ತೀವಿ" ಎಂದ. ಕಂಬಗಳ ಮೇಲೊಂದು ಪುಟ್ಟ ಬಿದಿರಿನ ಮನೆ ಕಟ್ಟಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ಎಡವಟ್ಟಾದದ್ದು 'ನಾವು' ಅನ್ನುವಲ್ಲಿ. ನಮ್ಮ ದ್ವೀಪಗಳ ಭಾಷೆಯಲ್ಲಿ 'ನಾವು' ಎರಡು. ಕೇಳುವವರನ್ನೂ ಸೇರಿಸಿಕೊಂಡರೆ 'ತಯೊ'. ಅವರನ್ನು ಬಿಟ್ಟು ಮಿಕ್ಕವರಾದರೆ 'ಕಮಿ'. ಕಮಿ ಅಂದರೆ ಒಬ್ಬರು ಕಮ್ಮಿ ಅಂತ ನೆನಪಿಟ್ಟುಕೊಳ್ಳಿ, ಸಾಕು.

ಫಿಲೆಮೋನ್ ಅಂದದ್ದು 'ಕಮಿ'. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿ ಎದುರಿಗೆ ನಿಂತಿರುವಾಗ. ನನಗೂ ಅದು ಅತಿಯಾಯಿತು ಅನ್ನಿಸಿತು. ಕಾರಿಂಗ್ ಕೈಯಲ್ಲಿ ಮೀನು ಹಿಡಿದುಕೊಂಡೇ, "ನಿನ್ನ ಆ ಗುಡಿಸಲಿಗೆ ನಾನು ಕಾಲಿಡಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಶಪಥ ಮಾಡಿದಳು. ಅವಳಿಗೆ ತುಂಬಾ ನೋವಾಗಿತ್ತು. ಅಂದಿನಿಂದ ಗಂಡನ ಜೊತೆ ಮಾತು ಬಂದ್. ಮಾಡಿನ ವಿಷಯ ಎತ್ತಿದರೆ ಮಾತ್ರ ಬಾಯಿ ಬಿಡುತ್ತಾಳೆ. ಫಿಲೆಮೋನ್‌ನ ಲೆಕ್ಕವೇ ಬೇರೆ: ಗುಡಿಸಲು ಅಂದರೆ ಇವಳಿಗೆ ಅವಮಾನ, ಅದಕ್ಕೇ ಬರುವುದಿಲ್ಲ ಅನ್ನುತ್ತಾಳೆ ಅಂತ ಅವನು ತಿಳಿದಿದ್ದಾನೆ. ಅದರೊಳಗೆ ಇಡಲು ಒಂದು ಬಿದಿರಿನ ಮಂಚವನ್ನು ಇಬ್ಬರಿಗೆ ಆಗುವಷ್ಟು ಅಗಲ ಮಾಡಿ, ಕಂಬಗಳ ಬುಡದಲ್ಲಿ ಗೋಣಿ ಹೊದಿಸಿ ಮುಚ್ಚಿಟ್ಟಿದ್ದಾನೆ. ಅವಳು ಬರದಿದ್ದರೆ ಆ ಮನೆ ಅವನಿಗೂ ಬೇಡ. ಬಾಯಿಬಿಟ್ಟು ಕರೆಯಲು ಮಾತ್ರ ಗಂಡಸಿಗೆ ಬಿಗುಮಾನ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಫಿಲೆಮೋನ್: ತಗಡಿನ ಕೆಳಗೆ ಮಧ್ಯಾಹ್ನ ಮಲಗಿ ನೋಡಿದೀಯಾ? ಮೀನು ಒಣಗಿಸೋಕೆ ಅಂಗಳ ಬೇಡ. ನನ್ನ ಪಕ್ಕ ಮಲಗಿಸಿದ್ರೆ ಸಾಕು.

ಕಾರಿಂಗ್: ಗರಿ ಕೆಳಗೆ ಮಲಗು. ತುಕೊ ಹಲ್ಲಿ ಗೂಡು ಮಾಡುತ್ತೆ. ಬಿದ್ರೆ ನೇರ ಬಾಯೊಳಗೇ. ನೀನು ಮಲಗೋದೇ ಬಾಯಿ ತೆಗೆದು.

ಫಿಲೆಮೋನ್: ಬಿದ್ರೆ ನನ್ನ ಬಾಯಿಗೆ ತಾನೆ? ನಿಂಗೇನು?

ಕಾರಿಂಗ್: ನಂಗೇನೂ ಇಲ್ಲ. ಹಲ್ಲಿ ಮೇಲೆ ಕನಿಕರ.

ಫಿಲೆಮೋನ್: ತಗಡಿನ ಮೇಲೆ ಮಳೆ ಅಂದ್ರೆ ಜಲ್ಲಿ ಸುರಿದ ಹಾಗೆ. ಕಿವಿ ಹತ್ರ ಕೂಗಿದ್ರೂ ಒಂದಕ್ಷರ ಕೇಳಲ್ಲ. ಗರಿ ಕೆಳಗಾದ್ರೆ ಎಂಥಾ ಮಳೆಯಲ್ಲೂ ಪಿಸುಮಾತು ಕೂಡ ಕಿವಿಗೆ ಬೀಳುತ್ತೆ.

ಕಾರಿಂಗ್: ಯಾರ ಪಿಸುಮಾತು?

ಫಿಲೆಮೋನ್: ಯಾರದಾದ್ರೂ.

ಕಾರಿಂಗ್: ಅಲ್ಲಿಗೆ ಯಾರು ಬರ್ತಾರೆ ಪಿಸುಗುಟ್ಟೋಕೆ?

ಫಿಲೆಮೋನ್: ಯಾರೂ ಬರಲ್ಲ ಅಂತ ಕಾಣುತ್ತೆ.

ಹಾಗಂದು ಅವಳ ಕಡೆ ನೋಡಿದ. ಅವಳು ಹಳ್ಳದಲ್ಲಿ ಬಿದ್ದುಕೊಂಡಿದ್ದ ಎಮ್ಮೆಯ ಕಡೆ ನೋಡುತ್ತಿದ್ದಳು. ನಾನು ಬೇರೆ ಏನೂ ನೋಡಲು ಸಿಗದೆ ಏಣಿ ನೋಡಿದೆ.

ಕಾರಿಂಗ್: ಪಕ್ಕದಲ್ಲೇ ತೆಂಗಿನಮರ. ಕಾಯಿ ಬಿದ್ರೆ ಗರಿ ತೂತಾಗಿ ನೇರ ತಲೆಗೆ.

ಫಿಲೆಮೋನ್: ತಗಡಿನ ಮೇಲೆ ಬಿದ್ರೆ ಆ ಸದ್ದಿಗೇ ಎದೆ ಒಡೆದು ಹೋಗುತ್ತೆ.

ಉರ್ಬಾನೊ: ತಲೆಯೋ ಎದೆಯೋ, ಅದನ್ನಾದ್ರೂ ತೀರ್ಮಾನ ಮಾಡಿ.

ಕಾರಿಂಗ್: ಅಣ್ಣ, ನೀನೇ ಹೇಳು. ನಲವತ್ತು ಮನೆ ಕಟ್ಟಿದ ಕೈ ನಿಂದು.

ನೆಂಟರ ಮನೆ ಕಟ್ಟಲು ಬಂದವನಿಗೆ ನಮ್ಮಲ್ಲಿ ಕೂಲಿ ಕೊಡುವುದಿಲ್ಲ, ಹೊಟ್ಟೆ ತುಂಬಾ ಹಾಕುತ್ತಾರೆ. ಕಾರಿಂಗ್ ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿ ಕಡುಬು ನಾಲ್ಕನ್ನು ಬುಟ್ಟಿಗೆ ಹಾಕಿ ಹಗ್ಗಕ್ಕೆ ಕಟ್ಟಿದಳು. ಬುಟ್ಟಿ ನನ್ನ ಮೂಗಿನ ಮುಂದೆಯೇ ಮೇಲಕ್ಕೆ ಹೋಯಿತು.

ಉರ್ಬಾನೊ (ಎಲೆ ಬಿಚ್ಚುತ್ತ): ತಗಡು. ತಗಡಿನ ಗಟ್ಟಿತನವೇ ಬೇರೆ. ಒಂದು ಸಲ ಮೊಳೆ ಹೊಡೆದ್ರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ.

ಫಿಲೆಮೋನ್ ಕಂಬದ ಹಿಂದಿನಿಂದ ತೆಂಗಿನ ಹೆಂಡ ಬಟ್ಟಿ ಇಳಿಸಿದ ಲಂಬಾನೋಗ್ ಸೀಸೆ ತೆಗೆದು ಬುಟ್ಟಿಗೆ ಹಾಕಿದ. ಬುಟ್ಟಿ ಮತ್ತೆ ಮೇಲೆ ಹೋಯಿತು.

ಉರ್ಬಾನೊ (ಬಾಯಿ ಒರೆಸಿಕೊಂಡು): ಹಾಗಂತ ಗರಿಯನ್ನ ತಳ್ಳಿ ಹಾಕೋಕಾಗಲ್ಲ. ತಂಪು. ನಮ್ಮಪ್ಪ ಗರಿ ಕೆಳಗೇ ತೊಂಬತ್ತು ವರ್ಷ ಬಾಳಿದ್ದು.

ಕಾರಿಂಗ್: ಅಪ್ಪ ಹೋಗಿದ್ದು ಅರವತ್ತೊಂದಕ್ಕೆ.

ಉರ್ಬಾನೊ: ಆ ತಂಪಿನಲ್ಲಿ ತೊಂಬತ್ತರ ಹಾಗೆ ಇತ್ತು.

ಕಾರಿಂಗ್: ನನ್ನ ಕಡುಬು ಕೆಳಗೆ ಕಳಿಸು.

ಉರ್ಬಾನೊ: ಎಲೆ ಇದೆ, ಕಳಿಸ್ಲಾ?

ಕಾರಿಂಗಳಿಗೆ ಸಿಟ್ಟು ಬಂತು. ಮೇಲಿನಿಂದ ಬಿದ್ದ ಎಲೆಗಳನ್ನು ಕಾಲಿನಿಂದ ಒದ್ದು, ಕೂಬೊದ ಸುತ್ತ ಒಂದು ಸುತ್ತು ಬಂದಳು. ಶಪಥ ಮುರಿಯದ ಹಾಗೆ ಕಂಬಗಳಿಂದ ಒಂದು ಮಾರು ದೂರದಲ್ಲೇ ನಡೆದಳು. ಮುಂಬಾಗಿಲಿಗೆ ಬಂದಾಗ ಥಟ್ಟನೆ ನಿಂತಳು.

ಕಾರಿಂಗ್: ಇದೇನಿದು, ಮೂರು ಮೆಟ್ಟಿಲು?

ಫಿಲೆಮೋನ್: ಹೌದು. ಮೂರು.

ಕಾರಿಂಗ್: ಮೇಷ್ಟ್ರೇ, ಎಣಿಸಿ ಹೇಳಿ ಇವನಿಗೆ.

ನಮ್ಮ ಕಡೆ ಮೆಟ್ಟಿಲನ್ನು ಒಂದು, ಎರಡು ಅಂತ ಎಣಿಸುವುದಿಲ್ಲ. ಚಿನ್ನ, ಬೆಳ್ಳಿ, ಸಾವು; ಮತ್ತೆ ಚಿನ್ನ, ಬೆಳ್ಳಿ, ಸಾವು. ಕೊನೆಯ ಮೆಟ್ಟಿಲು ಯಾವುದರ ಮೇಲೆ ಬಂದರೂ ಬರಬಹುದು, ಸಾವಿನ ಮೇಲೆ ಮಾತ್ರ ಬರಬಾರದು. ಗಣಿತದ ಮೇಷ್ಟ್ರಾದರೂ ನಮ್ಮ ಮನೆ ಮೆಟ್ಟಿಲನ್ನು ನಾನೂ ಹಾಗೇ ಎಣಿಸಿಯೇ ಕಟ್ಟಿಸಿದ್ದು.

ನಾನು: ಚಿನ್ನ. ಬೆಳ್ಳಿ. ಆಮೇಲೆ, ಅದು.

ಫಿಲೆಮೋನ್: ಮೇಲಿನ ನೆಲಾನೂ ಸೇರಿಸಿ. ನಾಲ್ಕನೇದು ಚಿನ್ನ ಆಯ್ತಲ್ಲ.

ಕಾರಿಂಗ್: ನೆಲ ಮೆಟ್ಟಿಲಾ? ಮೆಟ್ಟಿಲ ಮೇಲೆ ಯಾರಾದ್ರೂ ಮಲಗ್ತಾರಾ?

ಫಿಲೆಮೋನ್: ನಿಮ್ಮಣ್ಣ ಮಲಗಿದ್ದ. ಮೊಮ್ಮಗನ ಜ್ಞಾನಸ್ನಾನದ ದಿನ.

ಉರ್ಬಾನೊ: ಅದು ಚರ್ಚಿನ ಮೆಟ್ಟಿಲು. ಅದು ಲೆಕ್ಕಕ್ಕಿಲ್ಲ.

ಫಿಲೆಮೋನ್: ಸರಿ ಬಿಡು. ಒಂದನ್ನ ಕಿತ್ತು ಹಾಕ್ತೀನಿ. ಎರಡಾದ್ರೆ ಬೆಳ್ಳಿಗೆ ನಿಲ್ಲುತ್ತೆ.

ಕಾರಿಂಗ್: ಎರಡೇ? ಒಂದೊಂದೂ ತೊಡೆ ಎತ್ತರ ಆಗುತ್ತೆ. ನನ್ನ ಮಂಡಿ ಗತಿ ಏನು?

 ಉರ್ಬಾನೊ ಸೀಸೆಯನ್ನು ಬಾಯಿಯ ಹತ್ತಿರ ತಂದವನು ಕೆಳಗೆ ಬಗ್ಗಿ ನೋಡಿದ. ಕಾರಿಂಗಳ ಮುಖ ನಿಧಾನವಾಗಿ ಕೆಂಪಾಯಿತು.

ಫಿಲೆಮೋನ್: ನಿನ್ನ ಮಂಡಿಗೂ ಈ ಮೆಟ್ಟಿಲಿಗೂ ಏನು ಸಂಬಂಧ?

ಕಾರಿಂಗ್: ಏನಿಲ್ಲ. ಮಾತಿಗೆ ಅಂದೆ.

ಫಿಲೆಮೋನ್: ಕಾಲಿಡಲ್ಲ ಅಂತ ಬೀದಿಗೆಲ್ಲ ಕೇಳೋ ಹಾಗೆ ಹೇಳಿದವಳು ನೀನು.

ಕಾರಿಂಗ್: ಕಾಲಿಡಲ್ಲ ಅಂದೆ. ಮಂಡಿ ಇಡಲ್ಲ ಅಂದೆನಾ?

ಉರ್ಬಾನೊ: ಅದೂ ಸರೀನೇ.

ಫಿಲೆಮೋನ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಮೂರು ವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಆಗ ಹೊರಗೆ ಬಂತು.

ಫಿಲೆಮೋನ್: ಕಾರಿಂಗ್, ಗರಿ ಹೊದಿಸಿದ ಗುಡಿಸಲಲ್ಲಿ ಇರೋದು ಅವಮಾನ ಅಂತ ತಾನೆ ನೀನು ಬರಲ್ಲ ಅಂದದ್ದು? ತಗಡೇ ಹಾಕಿಸ್ತೀನಿ. ಬರ್ತೀಯಾ?

ಕಾರಿಂಗ್: ಗರಿ, ತಗಡು ಯಾರಿಗೆ ಬೇಕಿತ್ತು? ನೀನು 'ಕಮಿ' ಅಂದೆ.

ಫಿಲೆಮೋನ್: ಅಂದೆ. ಇನ್ನೇನು ಅನ್ನಬೇಕಿತ್ತು?

ಕಾರಿಂಗ್: ಕೇಳಿದ್ರಾ ಮೇಷ್ಟ್ರೇ, ಒಪ್ಕೊಂಡ. ಕುಡಿಯೋ ಗೆಳೆಯರ ಜೊತೆ ಸೇರ್ಕೊಂಡು 'ನಾವು ಕಟ್ತೀವಿ, ನೀನಲ್ಲ' ಅಂತ ನನ್ನ ಮುಖಕ್ಕೇ ಹೇಳ್ದ. ಇಷ್ಟು ವರ್ಷ ಇವನ ಅಂಗಿಗೆ ಗುಂಡಿ ಹಾಕಿದ್ದು ನಾನು.

ಫಿಲೆಮೋನ್: ನಿಂಗೆ ಎಲ್ಲಿ ಹೇಳ್ದೆ? ನಾನು ಹೇಳಿದ್ದು ಮೇಷ್ಟ್ರಿಗೆ.

ಕಾರಿಂಗ್: ಮೇಷ್ಟ್ರ ಕಡೆ ನೀನು ತಿರುಗಲೂ ಇಲ್ಲ.

ಫಿಲೆಮೋನ್: ಹೆಗಲ ಮೇಲೆ ಹನ್ನೆರಡು ಬಿದಿರು. ಕತ್ತು ತಿರುಗಿಸಿದ್ರೆ ನಿಮ್ಮಿಬ್ಬರ ತಲೇನೂ ಹೋಗ್ತಿತ್ತು. 'ತಯೊ' ಅಂದಿದ್ರೆ ಮೇಷ್ಟ್ರೂ ಚಾಪೆ ಸುತ್ಕೊಂಡು ಬಂದುಬಿಡ್ತಿದ್ರು. ನಾವು ಅಂದ್ರೆ ನಾನು, ನೀನು. ಇನ್ನು ಯಾರು?

ಅವನು ಗೋಣಿ ಎಳೆದು ಮಂಚ ತೋರಿಸಿದ. ಎರಡು ದಿಂಬಿನಷ್ಟು ಅಗಲದ ಮಂಚ. ಒಂದು ಪಕ್ಕ ಸ್ವಲ್ಪ ತಗ್ಗಾಗಿತ್ತು, ಕಾರಿಂಗಳ ಕಾಲು ಬೇಗ ನೆಲಕ್ಕೆ ಎಟಕಲಿ ಅಂತ. ಅವಳು ಅದನ್ನು ನೋಡುತ್ತಲೇ ನಿಂತಳು. ಆಮೇಲೆ ಮೂವರೂ ನನ್ನ ಕಡೆ ತಿರುಗಿದರು.

ಆಗ ನನಗೆ ಹೊಳೆಯಿತು. ಆ 'ನಾವು' ಎಂಬುದರಿಂದ ಹೊರಗೆ ನಿಂತಿದ್ದವನು ಮೊದಲ ದಿನದಿಂದಲೂ ನಾನೇ. ಮೂರು ವಾರ ಇವಳ ಪರವಾಗಿ ಮರುಗಿದವನೂ ನಾನೇ, ಈಗ ಏಣಿ ಹಿಡಿದವನೂ ನಾನೇ.

ನಾನು: ನಂಗೇನೂ ಬೇಜಾರಿಲ್ಲ. ಸುತ್ತಿಗೆ ಕೊಟ್ರೆ ಹೊರಡ್ತೀನಿ.

ಉರ್ಬಾನೊ: ಮೇಷ್ಟ್ರೇ, ಏಣಿ ಬಿಡಬೇಡಿ.

ಕಾರಿಂಗ್ ಸೆರಗಿಲ್ಲದ ಊರಿನವಳು, ಅಂಗಿಯ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು. ಚಪ್ಪಲಿ ಬಿಟ್ಟು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. "ಚಿನ್ನ" ಎಂದಳು. ಎರಡನೆಯದರ ಮೇಲೆ "ಬೆಳ್ಳಿ" ಎಂದಳು. ಮೂರನೆಯದಕ್ಕೆ ಹೋಗದೆ ಬೆಳ್ಳಿಯ ಮೇಲೆಯೇ ಕೂತುಬಿಟ್ಟಳು. ಫಿಲೆಮೋನ್‌ನ ಮುಖ ನೋಡಬೇಕಿತ್ತು. ಅವನಿಗೆ ಆದ ಸಂತೋಷಕ್ಕೆ ನನ್ನ ಸುತ್ತಿಗೆಯನ್ನು ಹಿಂದಕ್ಕೆ ಕೊಡಲು ಕೈ ಚಾಚಿದ, ಮತ್ತೆ ಮರೆತು ಸೊಂಟಕ್ಕೆ ಸಿಕ್ಕಿಸಿಕೊಂಡ.

ಫಿಲೆಮೋನ್: ಕೆಳಗೆ ಒಂದು ಚಪ್ಪಡಿ ಹಾಕಿ ಇವತ್ತೇ ನಾಲ್ಕು ಮಾಡ್ತೀನಿ. ಭಾವ, ತಗಡು. ಗಳ ಕೆಳಕ್ಕೆ ಕಟ್ಟು.

ಕಾರಿಂಗ್: ಬೇಡಣ್ಣ. ಗರೀನೇ ಇರಲಿ. ಮೇಲಕ್ಕೆ ಕಟ್ಟು.

ಫಿಲೆಮೋನ್: ನಿಂಗೋಸ್ಕರ ತಗಡು ಅಂತ ನಾನೇ ಹೇಳ್ತಿದೀನಲ್ಲ.

ಕಾರಿಂಗ್: ನಿಂಗೆ ಗರಿ ಇಷ್ಟ. ನಿನ್ನ ಇಷ್ಟಕ್ಕೆ ನಾನು ಯಾಕೆ ಅಡ್ಡ ಬರಲಿ?

ಫಿಲೆಮೋನ್ ನನ್ನ ಕಡೆ ತಿರುಗಿ, ನೋಡಿದ್ರಾ ಎಂಥ ಹೆಂಡತಿ ಅನ್ನುವ ಹಾಗೆ ಹುಬ್ಬು ಹಾರಿಸಿದ. ಉರ್ಬಾನೊ ಗಳವನ್ನು ಎತ್ತಿ ಮೇಲಿನ ಕವಲಿಗೆ ಕೂರಿಸಿ, ಹಗ್ಗ ಸುತ್ತತೊಡಗಿದ.

ಕಾರಿಂಗ್: ಅಲ್ಲದೆ ನೀನೇ ಹೇಳಿದ್ಯಲ್ಲ, ಗರಿ ಕೆಳಗೆ ಎಂಥಾ ಮಳೆಯಲ್ಲೂ ಪಿಸುಮಾತು ಕೂಡ ಕೇಳುತ್ತೆ ಅಂತ. ಮೂರು ವಾರದಿಂದ ಮಾಡಿನ ವಿಷಯ ಬಿಟ್ರೆ ನಿನ್ನ ಹತ್ರ ಏನೂ ಮಾತಾಡಿಲ್ಲ ನಾನು. ಎಲ್ಲಾ ಹಾಗೇ ಉಳ್ಕೊಂಡಿದೆ. ಮಳೆಗಾಲ ಪೂರ್ತಿ ಕೂತು ಒಂದೊಂದಾಗಿ ಹೇಳ್ತೀನಿ.

ಫಿಲೆಮೋನ್ ಸ್ವಲ್ಪ ಹೊತ್ತು ಮೋಡ ನೋಡಿದ. ಆಮೇಲೆ ಮೆಲ್ಲಗೆ ಏಣಿಯ ಹತ್ತಿರ ಬಂದು ಕತ್ತು ಎತ್ತಿದ.

ಫಿಲೆಮೋನ್: ಭಾವ, ಆ ಗಳ ಕೆಳಗಿಳಿಸು.