ದಲಾಲಿ ಮಾವ ಡಬಲ್ ಬೇಸ್ ಮಾರಿದ್ದು

ಕೂಲರಿನ ಗಾಳಿ ಮೊದಲು ಯಾರಿಗೆ ಸಿಗಬೇಕು, ಹೆಂಡತಿಗೋ ವಾದ್ಯಕ್ಕೋ? ಇಂಥ ಪ್ರಶ್ನೆಯನ್ನು ಯಾವ ಸಂಸಾರಸ್ಥನೂ ಬಾಯಿಬಿಟ್ಟು ಕೇಳಬಾರದು. ನಾನು ಕೇಳಿದೆ. ಅದೂ ಏಪ್ರಿಲ್ ತಿಂಗಳಲ್ಲಿ, ಸಿಂಧನೂರಿನಲ್ಲಿ, ಅತ್ತೆಯವರು ನಮ್ಮ ಮನೆಯಲ್ಲಿ ಬಂದು ಕುಳಿತಿರುವಾಗ ಕೇಳಿದೆ.

ನನ್ನ ಹೆಸರು ಗದ್ದೆಪ್ಪ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ರಜೆಯ ದಿನಗಳಲ್ಲಿ ಲಿಂಗಸುಗೂರಿನ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಬೇಸ್ ಗಿಟಾರ್ ಎಂದರೆ ಬಡಪಾಯಿ, ಗೋಡೆಯ ಮೊಳೆಗೆ ನೇತುಬಿದ್ದು ತನ್ನ ಪಾಡಿಗೆ ತಾನಿರುತ್ತದೆ. ತಂತಿಗಳ ದನಿ ಮಂಕಾದರೆ ಬಿಚ್ಚಿ ನೀರಿನಲ್ಲಿ ಕುದಿಸಬೇಕು, ಮತ್ತೆ ಹೊಸದರಂತೆ ಝಣ್ ಎನ್ನುತ್ತವೆ. (ಕುದಿಸಲು ಹಾಲಿನ ಬೋಗುಣಿಯನ್ನು ಬಳಸಬಾರದೆಂದು ನನಗೆ ಯಾವ ಗುರುವೂ ಹೇಳಿರಲಿಲ್ಲ. ನನ್ನ ಹೆಂಡತಿ ಭಾರತಿ ಹೇಳಿದಳು. ಇಡೀ ಓಣಿಗೆ ಕೇಳುವಂತೆ ಹೇಳಿದಳು.)

ಜಗಳ ಬಂದದ್ದು ಬೇಸ್ ಗಿಟಾರಿನಿಂದಲ್ಲ, ಅದರ ಹಿರಿಯಣ್ಣನಿಂದ. ಪಿಟೀಲಿಗೆ ತುಪ್ಪ ಉಣ್ಣಿಸಿ ಆಳೆತ್ತರಕ್ಕೆ ಬೆಳೆಸಿದರೆ ಅದು ಡಬಲ್ ಬೇಸ್. ನಿಂತುಕೊಂಡು, ತಬ್ಬಿಕೊಂಡು ಬಾರಿಸಬೇಕು. ಹೈದರಾಬಾದಿನಲ್ಲಿ ಹಳೆಯ ಹೋಟೆಲೊಂದು ಮುಚ್ಚುವಾಗ ಸಾಮಾನು ಮಾರುತ್ತಿದ್ದಾರೆಂದು ಕೇಳಿ ಓಡಿಹೋಗಿ ತಂದಿದ್ದೆ. ಕರಿಯ ಚೀಲದಲ್ಲಿ ಸುತ್ತಿದ್ದ ಅದನ್ನು ಇಬ್ಬರು ಹಮಾಲರು ಬಸ್ಸಿನಿಂದ ಇಳಿಸುವಾಗ ಸ್ಟ್ಯಾಂಡಿನಲ್ಲಿದ್ದವರು ಟೋಪಿ, ಟವೆಲ್ ತೆಗೆದು ಸುಮ್ಮನೆ ನಿಂತರು. ಒಬ್ಬ ಹಿರಿಯರಂತೂ ನನ್ನ ಭುಜ ಹಿಡಿದು, “ಯಾರ್ರೀ ಮಾಸ್ತರ, ನಿಮ್ಮ ಅಪ್ಪಾರೇನು?” ಎಂದು ಕಣ್ಣೊರೆಸಿಕೊಂಡರು. ನಾನು ಚೀಲ ಬಿಚ್ಚಿ ತೋರಿಸಿದ ಮೇಲೂ ಅವರ ದುಃಖ ಪೂರ್ತಿ ಕಡಿಮೆಯಾಗಲಿಲ್ಲ.

ಈ ಮಹಾವಾದ್ಯದ ಶರೀರ ಬಲು ಸುಕುಮಾರ. ನಮ್ಮ ಊರಿನ ಬಿಸಿಲಿಗೆ ಕಟ್ಟಿಗೆ ಒಣಗಿ ಬಿರುಕು ಬಿಡುತ್ತದೆ, ತೇವದ ಗಾಳಿ ಬೇಕು. ಆದ್ದರಿಂದ ಮನೆಯಲ್ಲಿದ್ದ ಒಂದೇ ಕೂಲರನ್ನು ನಾನು ಅದರ ಮುಖಕ್ಕೆ ತಿರುಗಿಸಿಟ್ಟಿದ್ದೆ. ಅತ್ತೆ ಅಯ್ಯಮ್ಮನವರು ದಢೇಸುಗೂರಿನಿಂದ ಬಂದವರು ಬೀಸಣಿಗೆ ಬೀಸಿಕೊಳ್ಳುತ್ತ ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಮಗಳನ್ನು ಕೇಳಿದರು:

“ಭಾರತೀ, ಅದಕ್ಕ ಜ್ವರ ಬಂದಾವೇನ ಬೇ?”

ಭಾರತಿ ಕೂಲರನ್ನು ತಾಯಿಯ ಕಡೆ ತಿರುಗಿಸಿದಳು. ನಾನು ವಾದ್ಯದ ಕಡೆ ತಿರುಗಿಸಿದೆ. ಅವಳು ಮತ್ತೆ ತಿರುಗಿಸಿದಳು. ಕೂಲರ್ ತಾನೇ ತಲೆಸುತ್ತಿ ನೀರು ಕಕ್ಕಿತು. ಆಗಲೇ ನಾನು ಮೇಲೆ ಹೇಳಿದ ಪ್ರಶ್ನೆಯನ್ನು ಕೇಳಿದ್ದು.

“ಹಂಗಾದ್ರ ಕೇಳ್ರಿಲ್ಲೆ,” ಎಂದಳು ಭಾರತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ. “ಈ ಮನ್ಯಾಗ ಅದರ ಇರಬೇಕು, ಇಲ್ಲಾ ನಾನರ ಇರಬೇಕು. ಯಾರು ಬೇಕು ಹೇಳ್ರಿ.”

ಸಂಸಾರಸ್ಥರೇ, ಇಂಥ ಹೊತ್ತಿನಲ್ಲಿ ತಕ್ಷಣ ಉತ್ತರ ಕೊಡಬೇಕು. ನಾನು ಗಣಿತದವನು, ಒಂದು ಕ್ಷಣ ಯೋಚಿಸಿದೆ.

“ಯೋಚನಿ ಮಾಡಾಕತ್ತಾರ ನೋಡಬೇ ಯವ್ವಾ!” ಎಂದು ಭಾರತಿ ಟ್ರಂಕು ಎಳೆದಳು. ಅತ್ತೆಯವರು ಬೀಸಣಿಗೆ ಮಡಚಿದರು. ನಾನು ಗಾಬರಿಯಾಗಿ, “ಮಾರ್ತೀನಿ, ಮಾರ್ತೀನಿ!” ಎಂದು ಕೂಗಿದೆ. ಟ್ರಂಕು ಅಲ್ಲೇ ನಿಂತಿತು, ಒಳಗೆ ಹೋಗಲಿಲ್ಲ. ಮಾರುವವರೆಗೆ ಅದು ಹೊಸ್ತಿಲ ಬಳಿಯೇ ಇರುವುದೆಂದು ತೀರ್ಮಾನವಾಯಿತು.

ಮಾರುತ್ತೇನೆ ಎಂದದ್ದು ನಿಜ. ಮಾರುವ ಮನಸ್ಸು ಮಾತ್ರ ಎಳ್ಳಷ್ಟೂ ಇರಲಿಲ್ಲ. ಆ ವಾದ್ಯವೆಂದರೆ ನನಗೆ ಜೀವ. ದಿನವಿಡೀ ಹುಡುಗರಿಗೆ ಭಾಗಾಕಾರ ಒದರಿ ಬಂದು ಅದನ್ನು ತಬ್ಬಿ ಒಂದು ತಂತಿ ಮೀಟಿದರೆ ಆ ದನಿ ಎದೆಯೊಳಗೆ ಇಳಿದು ಅಲ್ಲೇ ಕೂರುತ್ತಿತ್ತು. ಹಾಗಾಗಿ ಒಂದು ಘನವಾದ ಉಪಾಯ ಹೂಡಿದೆ. ಕೊಳ್ಳಲು ಯಾರೇ ಬರಲಿ, ವಾದ್ಯದ ದೋಷಗಳನ್ನು ಪ್ರಾಮಾಣಿಕವಾಗಿ ಹೇಳಿಬಿಡುವುದು. ಇಲ್ಲದ ದೋಷಗಳನ್ನು ಇನ್ನೂ ಪ್ರಾಮಾಣಿಕವಾಗಿ ಹೇಳುವುದು.

ಮೊದಲು ಬಂದವನು ಲಿಂಗಸುಗೂರಿನ ಫೋಟೋ ಸ್ಟುಡಿಯೋದ ಇಶ್ತಿಯಾಕ್. ಮದುವೆಗೆ ಮುಂಚೆ ಗಂಡು ಹೆಣ್ಣು ಫೋಟೋ ತೆಗೆಸಿಕೊಳ್ಳುವಾಗ ಪಕ್ಕದಲ್ಲಿ ನಿಲ್ಲಿಸಲು ಅವನಿಗೆ ಇದು ಬೇಕಾಗಿತ್ತು. “ಬಿಳಿ ಪೇಂಟ್ ಹೊಡದು ಲೈಟ್ ಸರ ಸುತ್ತಿದ್ರ ಮಸ್ತ್ ಕಾಣ್ತದ ಸರ್,” ಎಂದ. ನಾನು ಅವನ ಕಿವಿಯ ಹತ್ತಿರ ಹೋಗಿ, ಒಳಗೆ ಗೆದ್ದಲು ಮನೆ ಮಾಡಿದೆ, ನಿನ್ನ ಸ್ಟುಡಿಯೋದ ಬಾಗಿಲು ಕಿಟಕಿಯೂ ಉಳಿಯುವುದಿಲ್ಲ ಎಂದೆ. ಅವನು ಚಹಾ ಅರ್ಧಕ್ಕೇ ಬಿಟ್ಟು ಬೈಕ್ ಹತ್ತಿದ.

“ಯಾಕ ಹ್ವಾದಾ ಅಂವ?” ಎಂದಳು ಭಾರತಿ.

“ಮನಸ್ಸಿಗಿ ಬರಲಿಲ್ಲಂತ,” ಎಂದೆ.

ಅವಳು ನನ್ನನ್ನು ಒಮ್ಮೆ ನೋಡಿ, ಫೋನ್ ಎತ್ತಿ, “ಮಾಮಾ, ನೀನ ಬರಬೇಕು ನೋಡು,” ಎಂದಳು.

ದುರುಗಪ್ಪ ಮಾವ ಭಾರತಿಯ ಸೋದರಮಾವ, ದನದ ಸಂತೆಯಲ್ಲಿ ದಲಾಲಿ. ಒದೆಯುವ ಎಮ್ಮೆಯನ್ನು ಹಸುಗೂಸಿನಂಥದ್ದೆಂದು ಮಾರಿ, ಕೊಂಡವನಿಂದಲೇ ಹಾಲು ತರಿಸಿಕೊಂಡು ಕುಡಿದ ಮಹಾನುಭಾವ. ಬಂದವನೇ ಹೆಗಲ ಟವೆಲ್ ಕೊಡವಿ ಡಬಲ್ ಬೇಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬೆನ್ನ ಮೇಲೆ ಕೈಯಾಡಿಸಿದ. ಹೊಟ್ಟೆಗೆ ತಟ್ಟಿದ. ದನದ ಮೈಮೇಲಿನ ಸುಳಿ ನೋಡುವಂತೆ ಕಟ್ಟಿಗೆಯ ಗೆರೆಗಳನ್ನು ಬೆರಳಿನಿಂದ ಹಿಂಬಾಲಿಸಿದ.

“ಸುಳಿ ಛಲೋ ಅದಾವ ಅಳಿಯಾ. ಮೈಕಟ್ಟೂ ಭೇಷಿ ಐತಿ. ಇದಕ್ಕ ಗಿರಾಕಿ ಇಲ್ಲ ಅಂತೀ ಏನು? ಮಸ್ಕಿಯ ಬ್ಯಾಂಡಿನ ಗೌಸ್‌ಸಾಬ್ನ ನಾಳೆ ಕರಕೊಂಡ ಬರ್ತೀನಿ ತಗೋ.”

ಮರುದಿನ ಗೌಸ್‌ಸಾಬ್ ಬಂದರು. ಮದುವೆಯ ಮೆರವಣಿಗೆಗಳಿಗೆ ಬ್ಯಾಂಡ್ ಬಾರಿಸುವ ಹಿರಿಯರು, ಮೆತ್ತಗಿನ ಮನುಷ್ಯ. ಡಿಜೆ ಬಂದ ಮೇಲೆ ಬ್ಯಾಂಡಿನವರ ಹೊಟ್ಟೆಗೆ ಕಲ್ಲು ಬಿದ್ದಿದೆ ಎಂದರು. “ಯಾರ ಹತ್ರಾನೂ ಇಲ್ದಿದ್ದು ಒಂದು ಚೀಜ್ ಬೇಕು ಮಾಸ್ತರ್. ಜನ ತಿರುಗಿ ನೋಡಬೇಕು.”

ಪಾಪ ಎನಿಸಿತು. ಆದರೆ ನನ್ನ ಪಾಡು ನನಗೆ. ದುರುಗಪ್ಪ ಮಾವ ಎತ್ತನ್ನು ಓಡಿಸಿ ತೋರಿಸುವ ಧಾಟಿಯಲ್ಲಿ, “ಒಂದೀಟು ನುಡಿಸಿ ತೋರಿಸು ಅಳಿಯಾ,” ಎಂದ. ನಾನು ಬೇಕೆಂದೇ ತಂತಿಗಳನ್ನು ಸಡಿಲ ಬಿಟ್ಟಿದ್ದೆ. ಬಾರಿಸಿದೆ. ಅಜೀರ್ಣವಾದ ಕೋಣದ ಹೊಟ್ಟೆಯಿಂದ ಬಂದಂಥ ಶಬ್ದ ಬಂತು.

“ನೋಡ್ರಿ ಗೌಸ್‌ಸಾಬ್,” ಎಂದೆ, ಮುಖ ಬಾಡಿಸಿಕೊಂಡು. “ಇದರ ಹಣೆಬರಹಾನ ಇಷ್ಟು. ದೋಷ ಐತಿ.”

ಗೌಸ್‌ಸಾಬರು ಎದ್ದು ಚಪ್ಪಲಿ ಹುಡುಕತೊಡಗಿದರು. ನನ್ನ ಮನಸ್ಸು ಕುಣಿಯಿತು. ಅಷ್ಟರಲ್ಲಿ ಅಡುಗೆಮನೆಯಿಂದ ಭಾರತಿ ಚಹಾ ತಂದಳು.

“ಸಾಮಾನಿನ್ಯಾಗ ಏನೂ ದೋಷ ಇಲ್ರೀ ಸಾಹೇಬ್ರ,” ಎಂದಳು. “ಬಾರಸೋರಿಗಿ ಬರಂಗಿಲ್ಲ. ಲಿಂಗಸುಗೂರಿನ್ಯಾಗ ಇವರನ್ನ ಸ್ಟೇಜಿನ ಹಿಂದ ನಿಲ್ಲಸ್ತಾರ. ಬಾರಿಸಿದ್ರೂ ಅಷ್ಟ, ಬಿಟ್ರೂ ಅಷ್ಟ.”

“ಹೌದೇನು?” ಎಂದು ಗೌಸ್‌ಸಾಬರು ನನ್ನ ಕಡೆ ಕನಿಕರದಿಂದ ನೋಡಿದರು. “ಇರಲಿ ಬಿಡ್ರಿ ಮಾಸ್ತರ್, ಎಲ್ಲಾರಿಗೂ ಎಲ್ಲಾ ಬರಂಗಿಲ್ಲ.”

ಆ ಕನಿಕರವನ್ನು ನಾನು ಸಹಿಸಬೇಕಿತ್ತು. ಸಹಿಸಿದ್ದರೆ ವಾದ್ಯ ಉಳಿಯುತ್ತಿತ್ತು. ಆದರೆ ಕಲಾವಿದನ ಅಭಿಮಾನ ಎಂಬುದೊಂದು ಕೆಟ್ಟ ರೋಗ. “ಬರಂಗಿಲ್ಲ ಅಂತೀ? ನನಗ?” ಎಂದು ಭಾರತಿಯ ಕಡೆ ಗುರಾಯಿಸಿ ತಂತಿಗಳನ್ನು ಬಿಗಿದೆ, ಅಂಗಿಯ ತೋಳು ಮಡಚಿದೆ, ಶುರುಮಾಡಿದೆ. ಆ ದಿನ ಬಾರಿಸಿದಂತೆ ಜನ್ಮದಲ್ಲಿ ಬಾರಿಸಿರಲಿಲ್ಲ. ಕಪಾಟಿನ ಸ್ಟೀಲ್ ಲೋಟಗಳು ನಡುಗಿದವು. ಅತ್ತೆಯವರ ಬೀಸಣಿಗೆ ತಾಳಕ್ಕೆ ಬೀಸತೊಡಗಿತು. ಕೊನೆಯ ತಂತಿಯ ದನಿ ನಿಂತಾಗ ಗೌಸ್‌ಸಾಬರ ಕಣ್ಣಲ್ಲಿ ನೀರಿತ್ತು.

“ಮಾಷಾಅಲ್ಲಾ! ಇದನ್ನ ಬಿಟ್ಟು ನಾ ಹೋಗಂಗಿಲ್ಲ,” ಎಂದರು.

ನಾನು ಬೆವರೊರೆಸಿಕೊಳ್ಳುತ್ತ ಭಾರತಿಯ ಕಡೆ ಗೆಲುವಿನ ನಗೆ ಬೀರಿದೆ. ಅವಳು ನನಗಿಂತ ಚೆನ್ನಾಗಿ ನಗುತ್ತಿದ್ದಳು. ಆಗ ನನಗೆ ನಾನು ಮಾಡಿಕೊಂಡದ್ದು ಹೊಳೆಯಿತು.

ಇನ್ನೊಂದೇ ದಾರಿ ಉಳಿದಿತ್ತು, ಬೆಲೆ. ದುರುಗಪ್ಪ ಮಾವ ಸಂತೆಯ ಪದ್ಧತಿಯಂತೆ ಟವೆಲ್ ಹಾಸಿ ಅದರ ಕೆಳಗೆ ನಮ್ಮಿಬ್ಬರ ಕೈ ಹಿಡಿದುಕೊಂಡ. ದನದ ವ್ಯಾಪಾರದಲ್ಲಿ ಬಾಯಿಂದ ಬೆಲೆ ಹೇಳುವುದಿಲ್ಲ, ಬೆರಳು ಮಾತಾಡುತ್ತವೆ. ಗೌಸ್‌ಸಾಬರು ಏನೋ ಒತ್ತಿದರು. ಮಾವ ನನ್ನ ಕೈಯಲ್ಲಿ ಅದನ್ನೇ ಒತ್ತಿದ. ನನಗೇನು ತಿಳಿಯಬೇಕು? ಹೆಚ್ಚು ಬೆರಳು ಎಂದರೆ ಹೆಚ್ಚು ಬೆಲೆ ಇರಬೇಕೆಂದು ಲೆಕ್ಕ ಹಾಕಿ, ಗಿರಾಕಿ ಬೆದರಿ ಓಡಿಹೋಗಲೆಂದು, ಮಾವನ ಐದೂ ಬೆರಳು ಸೇರಿಸಿ ಅಂಗೈ ಸಮೇತ ಗಟ್ಟಿಯಾಗಿ ಹಿಂಡಿದೆ. ಡಬಲ್ ಬೇಸ್ ಬಾರಿಸಿದ ಕೈ, ಮಾವ ಅಯ್ಯೋ ಎಂದ.

“ಒಪ್ಪಿದ! ಅಳಿಯ ಒಪ್ಪಿದ!” ಎಂದು ಟವೆಲ್ ಹಾರಿಸಿದ. “ಇಡೀ ಕೈ ಹಿಂಡ್ಯಾನ ನೋಡ್ರಿ. ಇಂಥಾ ಒಪ್ಪಿಗಿ ನಾ ಸಂತ್ಯಾಗ ಕಂಡಿಲ್ಲ!”

“ಏ ಮಾವ, ನಾ ಒಪ್ಪಿಲ್ಲೋ! ಅದು ಬೆಲಿ ಹೇಳಿದ್ದು!”

“ಬೆಲಿಗಿ ಬೆರಳು. ಇಡೀ ಕೈ ಕೊಟ್ರ ಒಪ್ಪಿಗಿ. ಇನ್ನ ಮಾತಿಲ್ಲ,” ಎಂದ ಮಾವ, ಬೆರಳು ನೀವಿಕೊಳ್ಳುತ್ತ.

ನನ್ನ ಪ್ರಾಣಪ್ರಿಯ ವಾದ್ಯ ಎಷ್ಟಕ್ಕೆ ಹೋಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮಾವ ಅದನ್ನು ಭಾರತಿಯ ಕಿವಿಯಲ್ಲಿ ಹೇಳಿದ. ಅವಳು ಟ್ರಂಕನ್ನು ಒಳಗಿಟ್ಟಳು.

ಸಾಮಾನು ಹೊರುವ ಟಂಟಂ ಗಾಡಿ ಬಂತು. ವಾದ್ಯವನ್ನು ಎತ್ತುವ ಮೊದಲು ಮಾವ “ತಡೀರಿ” ಎಂದು ಮುಂದೆ ಬಂದು, ಮೇಲಿನ ಬಿರಡೆಗಳ ಕಿವಿ ತಿರುಪಿ ನಾಲ್ಕೂ ತಂತಿಗಳನ್ನು ಕಳಚತೊಡಗಿದ.

“ಏನ್ ಮಾಡಾಕತ್ತಿ ಮಾವ?”

“ದನ ಮಾರಿದ್ರ ಹಗ್ಗ ಕೊಡಬಾರದೋ. ಹಗ್ಗದ ಸಂಗಾಟ ಮನಿ ಲಕ್ಷ್ಮಿ ಹೋಗ್ತಾಳ. ಇವು ನಿನ್ನವು, ಇಟ್ಕೋ.”

ತಂತಿಗಳು ಸಡಿಲವಾದವು. ಅವುಗಳನ್ನು ಎತ್ತಿ ಹಿಡಿದಿದ್ದ ಕಟ್ಟಿಗೆಯ ಕುದುರೆ ಕೆಳಗೆ ಬಿತ್ತು, ಹೊಟ್ಟೆಯೊಳಗೆ ಆಧಾರಕ್ಕಿದ್ದ ಕೋಲು ಕಳಚಿ ಲೊಡಲೊಡ ಎಂದಿತು. ನನಗೆ ಹೋದ ಜೀವ ಬಂದಂತಾಯಿತು. ಈ ತಂತಿ ಇಲ್ಲಿ ಎಲ್ಲಿಯೂ ಸಿಗುವುದಿಲ್ಲ. ತಂತಿ ಇಲ್ಲದೆ ಅದು ಬರೀ ಕಪಾಟು. ಗೌಸ್‌ಸಾಬರು ಬೇಸತ್ತು ತಾವೇ ವಾಪಸ್ ತಂದುಬಿಡುತ್ತಾರೆ! ನಾನು ತಂತಿಗಳನ್ನು ಸುರುಳಿ ಸುತ್ತಿ, ಎಣ್ಣೆ ಒರೆಸಿ, ದೇವರ ಜಗುಲಿಯ ಮೇಲಿಟ್ಟೆ.

ಹತ್ತು ಹನ್ನೆರಡು ದಿನದ ಮೇಲೆ ಗೌಸ್‌ಸಾಬರ ಫೋನ್ ಬಂತು. “ಮಾಸ್ತರ್, ನಿಮ್ಮ ಸಾಮಾನಿಂದು ಒಂದು ಮಾತು ಐತಿ. ಐತ್ವಾರ ಮಸ್ಕಿಗಿ ಬರ್ರಿ.”

ಭಾನುವಾರ ನಾನು ತಂತಿಗಳನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದೆ. ನಾನು ವಾದ್ಯದ ಜತೆ ಮರಳಿ ಬಂದೇನೆಂಬ ಅನುಮಾನಕ್ಕೆ ಭಾರತಿಯೂ ಹತ್ತಿದಳು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ: ಪರವಾಗಿಲ್ಲ ಗೌಸ್‌ಸಾಬ್, ಮನುಷ್ಯರಿಂದ ತಪ್ಪಾಗುತ್ತದೆ, ನಾನೇ ಒಯ್ಯುತ್ತೇನೆ.

ಮಸ್ಕಿಯ ಬಜಾರಿನಲ್ಲಿ ಮದುಮಗನ ಮೆರವಣಿಗೆ ಹೊರಟಿತ್ತು. ದೂರದಿಂದಲೇ ನೆಲ ನಡುಗಿಸುವ ಒಂದು ಧಂ ಧಂ ಕೇಳಿಸಿತು. ಹತ್ತಿರ ಹೋದೆ. ನಾಲ್ಕು ಗಾಲಿಯ ತಳ್ಳುಗಾಡಿಯ ಮೇಲೆ ಹಾಸಿಗೆ ಹಾಸಿ, ಅದರ ಮೇಲೆ ನನ್ನ ಡಬಲ್ ಬೇಸನ್ನು ಅಂಗಾತ ಮಲಗಿಸಿದ್ದರು. ಕುತ್ತಿಗೆಗೆ ಚೆಂಡುಹೂವಿನ ಹಾರ. ಬ್ಯಾಂಡಿನ ಢೋಲಿನ ಅಮೀನ್‌ಸಾಬ್ ಎರಡೂ ಅಂಗೈಯಿಂದ ಅದರ ಹೊಟ್ಟೆಯನ್ನು ಬಡಿಯುತ್ತಿದ್ದ. ಒಳಗಿನ ಕೋಲು ತಾಳಕ್ಕೆ ಸರಿಯಾಗಿ ಲೊಡಲೊಡ ಎನ್ನುತ್ತಿತ್ತು. ಮುದುಕರು, ಹುಡುಗರು, ಬೀಗರು, ಬೀಗಿತಿಯರು, ಎಲ್ಲರೂ ಹುಚ್ಚೆದ್ದು ಕುಣಿಯುತ್ತಿದ್ದರು.

“ಕೇಳ್ರಿ ಮಾಸ್ತರ್, ಏನ್ ಆವಾಜ್!” ಗೌಸ್‌ಸಾಬರು ಓಡಿಬಂದು ನನ್ನನ್ನು ತಬ್ಬಿಕೊಂಡರು. “ಡಿಜೆ ಬ್ಯಾಡ ಅಂತ ಬೀಗರ ಹೇಳ್ಯಾರ. ಒಳಗ ಗೆಜ್ಜಿನೂ ಇಟ್ಟೀರಿ, ಹೇಳೇ ಇಲ್ಲ! ಶುಕ್ರಿಯಾ ಹೇಳಬೇಕಂತ ಕರಸೀನಿ.”

“ತಂತಿ ತಂದೀನ್ರಿ,” ಎಂದೆ. ಕೈಚೀಲ ಬಿಚ್ಚಿ ತೋರಿಸಿದೆ. “ಕಟ್ಟಿಕೊಡ್ತೀನಿ, ನಾನ ಬಾರಸ್ತೀನಿ. ಬ್ಯಾಂಡಿನ್ಯಾಗ ನನ್ನ ಸೇರಿಸ್ಕೊಳ್ರಿ, ಪುಕ್ಸಟ್ಟೆ ಬರ್ತೀನಿ.”

ಗೌಸ್‌ಸಾಬರು ಗಡ್ಡ ನೀವಿಕೊಂಡು ಯೋಚಿಸಿದರು. “ಬ್ಯಾಡ್ರಿ ಮಾಸ್ತರ್. ನೀವು ಬಾರಿಸಿದ್ರ ಜನ ನಿಂತು ಕೇಳ್ತಾರ. ಮೆರವಣಿಗಿ ಮುಂದಕ್ಕ ಹೋಗಬೇಕಲ್ಲ?”

ಇಷ್ಟು ದೊಡ್ಡ ಹೊಗಳಿಕೆ ನನಗೆ ಜೀವನದಲ್ಲಿ ಸಿಕ್ಕಿರಲಿಲ್ಲ. ಅಳು ಬಂತು. ಕೊನೆಯ ಸಲ ಒಮ್ಮೆ ಮುಟ್ಟಿಬಿಡೋಣವೆಂದು ಗಾಡಿಯ ಹಿಂದೆ ಹೋಗಿ, ನನ್ನ ವಾದ್ಯದ ಅಂಚಿನ ಮೇಲೆ ಎರಡೂ ಕೈ ಇಟ್ಟು ನಿಂತೆ. ಬಡಿತ ಕೈಯಿಂದ ಹತ್ತಿ ಎದೆಯೊಳಗೆ ಬಂತು. ಅದೇ ದನಿ. ಬಿಡಲು ಮನಸ್ಸೇ ಆಗಲಿಲ್ಲ.

ಬೆವರಿನಲ್ಲಿ ತೊಯ್ದಿದ್ದ ಅಮೀನ್‌ಸಾಬ್ ನನ್ನನ್ನು ನೋಡಿದ. “ಹೆಂಗೂ ಹಿಡದೀರಲ್ರೀ ಅಣ್ಣಾರ,” ಎಂದ. “ಒಂದೀಟು ದೂಡ್ರಿ. ಮುಂದ ಏರು ಐತಿ.”

ದೂಡಿದೆ. ಬಜಾರು ದಾಟಿ, ಏರು ಹತ್ತಿ, ಕಲ್ಯಾಣ ಮಂಟಪದ ಬಾಗಿಲವರೆಗೂ ದೂಡಿದೆ. ಕುಣಿಯುತ್ತಿದ್ದ ಹೆಂಗಸರ ಗುಂಪಿನಿಂದ ಹೊರಬಂದ ಭಾರತಿ ಏದುಸಿರು ಬಿಡುತ್ತ ನನ್ನ ಪಕ್ಕದಲ್ಲಿ ಹೆಜ್ಜೆ ಹಾಕಿದಳು. ಮುಖದಲ್ಲಿ ಎಂದೂ ಕಾಣದ ಮೆಚ್ಚುಗೆ ಇತ್ತು.

“ಇದು ಭಾಳ ಛಲೋ ಬರತೈತಿ ನೋಡ್ರಿ ನಿಮಗ,” ಎಂದಳು.