ಪಾಸ್ಟರ ಮೊಣಕಾಲು

ನಮ್ಮ ಮನೆಯವರು ದೀನತೆಯ ಮೇಲೆ ಬೋಧನೆ ಮಾಡಿದಾಗಲೆಲ್ಲ ಸಭೆಯಲ್ಲಿ ಏನಾದರೊಂದು ನಗೆಪಾಟಲು ಆಗದೆ ಇರುವುದಿಲ್ಲ. ಅವರು ವಾಡಿಯಲ್ಲಿ ಪಾಸ್ಟರು. ರಾವೂರ, ಶಹಾಬಾದ್ ಕಡೆಯ ಸಣ್ಣ ಪ್ರಾರ್ಥನಾ ಕೂಟಗಳನ್ನೂ ಅವರೇ ಬೈಕಿನ ಮೇಲೆ ಹೋಗಿ ನೋಡಿಕೊಳ್ಳುತ್ತಾರೆ. ನಾನು ಅವರ ಹೆಂಡತಿ, ಊರಿಗೆಲ್ಲ ಪಾಸ್ಟರಮ್ಮ. ಇವರ ಬಲಗಾಲಿನ ಮೊಣಕಾಲು ಪೂರ್ತಿ ಸವೆದುಹೋಗಿತ್ತು. ಕಲಬುರಗಿಯ ಡಾಕ್ಟರು, ನೆಲದ ಮೇಲೆ ಕೂರಬೇಡಿ, ಬೇಗ ಆಪರೇಷನ್ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ನಡೆಯುವುದೇ ನಿಂತುಹೋಗುತ್ತದೆ ಎಂದು ಹೆದರಿಸಿ ಕಳಿಸಿದ್ದರು. ಹೆದರಿದವಳು ನಾನೊಬ್ಬಳೇ. ಇವರದು ಒಂದೇ ಪಲ್ಲವಿ: "ನಾ ದೇವರ ಮ್ಯಾಲ ಆತುಕೊಂಡಾಂವ. ಮಂದಿ ಕೈ ಹಿಡಕೊಂಡು ನಡ್ಯಾಂವಲ್ಲ." ಮೊಣಕಾಲನ್ನು ದೇವರಿಗೆ ಒಪ್ಪಿಸುವುದು ಇವರಿಗೆ ಸುಲಭ, ಡಾಕ್ಟರಿಗೆ ಒಪ್ಪಿಸುವುದೇ ಕಷ್ಟ. ಆದರೆ ನಾನೂ ಹಟಕ್ಕೆ ಬಿದ್ದವಳು. ಆಪರೇಷನ್ ಮಾಡಿಸಿಯೇ ಸೈ ಎಂದು ಕೂತಿದ್ದೆ.

ಹಿಂದಿನ ಕುರ್ಚಿ

ಒಂದು ಭಾನುವಾರ ಇವರು, ಔತಣಕ್ಕೆ ಹೋದವರು ಮುಂದಿನ ಜಾಗಕ್ಕೆ ಆಸೆಪಡಬಾರದು, ತಾವಾಗಿಯೇ ಹಿಂದೆ ಕೂರಬೇಕು ಎಂದು ಗಂಟಲು ಹರಿಯುವಂತೆ ಬೋಧಿಸಿದರು. ಮುಂದಿನ ವಾರ ಹೋಗಿ ನೋಡಿದರೆ ಮುಂದಿನ ಸಾಲುಗಳೆಲ್ಲ ಖಾಲಿ, ಹಿಂದೆ ಒಂದೇ ಗದ್ದಲ. ನಮ್ಮದು ಜಂಕ್ಷನ್ ಊರು. ರೈಲು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ಎಲ್ಲರಿಗೂ ರೂಢಿ. ಕೊನೆಯ ಸಾಲಿನ ಕುರ್ಚಿಗಳ ಮೇಲೂ ಟವೆಲ್, ಕರ್ಚೀಫು, ಬೈಬಲ್ ಚೀಲ ಬಿದ್ದಿದ್ದವು.

ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು ಬಂದವರೇ ಅಲ್ಲಿ ಕೂತಿದ್ದ ಹೆಣ್ಣುಮಗಳಿಗೆ, "ಏಳ್ರಿ ಅಕ್ಕಾರ, ಮುಂಜಾನಿನೇ ಟವೆಲ್ ಹಾಕಿ ಹೋಗೀನಿ," ಎಂದರು.

"ಮುಂದ ಅಷ್ಟು ಕುರ್ಚಿ ಖಾಲಿ ಅದಾವಲ್ರಿ ಅಣ್ಣಾ, ಅಲ್ಲೇ ಕುಂದ್ರಿ."

ಹಿರಿಯರಿಗೆ ಸಿಟ್ಟು ನೆತ್ತಿಗೇರಿತು. "ಅಲ್ಲಿ ಯಾಕ ಕುಂದರಲಿ? ನನಗೇನು ಸೊಕ್ಕು ಬಂದದೇನು?"

ಕೊನೆಯ ಹೆಸರು

ನಮ್ಮ ಸಭೆಯ ಕಾರ್ಯದರ್ಶಿಗಳು ಪ್ರಾರ್ಥನೆಗೆ ಎದ್ದು ನಿಂತರೆಂದರೆ ಶುರುವಾಗುವುದೇ ಹೀಗೆ: "ತಂದೀ, ನಾ ಎಲ್ಲಾರಕಿಂತ ಕಡೀ ಮನುಷ್ಯಾ. ಈ ಸಭಾದಾಗ ನನಗಿಂತ ಸಣ್ಣಾಂವ ಯಾರೂ ಇಲ್ಲ." ಇದನ್ನು ಅವರು ಎಷ್ಟು ಜೋರಾಗಿ ಹೇಳುತ್ತಾರೆಂದರೆ ಬೀದಿಯ ಆಚೆಗಿನ ಚಹಾದಂಗಡಿಯವನಿಗೂ ಅವರ ಸಣ್ಣತನ ಬಾಯಿಪಾಠವಾಗಿದೆ.

ಸಭೆಯ ವಾರ್ಷಿಕೋತ್ಸವ ಬಂತು. ಕರಪತ್ರಕ್ಕೆ ಹೆಸರು ಬರೆದುಕೊಡುವಾಗ ನಮ್ಮ ಮನೆಯವರು, ಕಾರ್ಯದರ್ಶಿಗಳ ಮನಸ್ಸಿನ ಇಚ್ಛೆ ಇದೇ ಇರಬೇಕೆಂದು, ಅವರ ಹೆಸರನ್ನು ಎಲ್ಲರ ಕೆಳಗೆ, ಪೆಂಡಾಲಿನವನ ಹೆಸರಿಗಿಂತಲೂ ಕೆಳಗೆ, ಹಾಕಿಸಿದರು. ಮರುದಿನ ಬೆಳಿಗ್ಗೆ ನಾನಿನ್ನೂ ರೊಟ್ಟಿ ಬಡಿಯುತ್ತಿದ್ದೆ, ಕಾರ್ಯದರ್ಶಿಗಳು ಕರಪತ್ರ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಏನ್ರಿ ಪಾಸ್ಟರೇ ಇದು? ಪೆಂಡಾಲ್ ಹಾಕಾಂವನ ಕೆಳಗ ನಾನು?"

ಇವರು ತಬ್ಬಿಬ್ಬಾಗಿ, "ಅಲ್ರಿ, ವಾರಾ ವಾರಾ ನೀವೇ ಹೇಳ್ತೀರಲ್ಲ, ನಾ ಎಲ್ಲಾರಕಿಂತ ಕಡೀ ಮನುಷ್ಯಾ ಅಂತ," ಎಂದರು.

"ಅದು ನಾ ದೇವರಿಗೆ ಹೇಳಿದ್ದರಿ. ಪ್ರಿಂಟಿಂಗ್ ಪ್ರೆಸ್‌ನವರಿಗೆ ಹೇಳಿದ್ದಲ್ಲ!"

ಮೊದಲು ಕಿವಿ

ರಾವೂರಿನ ಕೂಟದಲ್ಲಿ ಒಬ್ಬ ಅಜ್ಜಿ ಇದ್ದಾಳೆ. ಪ್ರಾರ್ಥನೆಯಲ್ಲಿ ಅವಳು ದೇವರೊಡನೆ ಪಕ್ಕದ ಮನೆಯವರ ಜೊತೆ ಮಾತಾಡಿದಂತೆಯೇ ಮಾತಾಡುತ್ತಾಳೆ. ಇವರು ಕುಂಟುತ್ತ ಒಳಗೆ ಬಂದದ್ದು ನೋಡಿ, "ಕುಂದ್ರಪ್ಪಾ, ಪ್ರಾರ್ಥನಾ ಮಾಡ್ತೀನಿ," ಎಂದಳು. ಇವರಿಗೆ ಖುಷಿಯೋ ಖುಷಿ. ಡಾಕ್ಟರು ಬೇಡ, ಪ್ರಾರ್ಥನೆಯೊಂದೇ ಸಾಕು ಎಂದು ನನಗೆ ತೋರಿಸಿಕೊಡಲು ಒಳ್ಳೆಯ ಅವಕಾಶ. ನನ್ನ ಕಡೆ ಒಮ್ಮೆ ಗೆದ್ದವರ ಹಾಗೆ ನೋಡಿ ಕಣ್ಣು ಮುಚ್ಚಿ ಕೂತರು.

ಅಜ್ಜಿ ಇವರ ತಲೆಯ ಮೇಲೆ ಎರಡೂ ಕೈ ಇಟ್ಟಳು. "ಸ್ವಾಮೀ, ಈ ಮನುಷ್ಯಾಂದು ಮೊಣಕಾಲು ಹೋಗ್ಯದ. ಅದಿರಲಿ, ಅದನ್ನ ಆಮ್ಯಾಲ ನೋಡಕೊ. ಮೊದಲ ಇವನ ಕಿವಿ ರಿಪೇರಿ ಮಾಡು. ಹೇಣ್ತಿ ಹೇಳಿದ್ದು ಒಂದೂ ಕೇಳವಲ್ದು."

ವಾಡಿಗೆ ಮರಳುವಾಗ ದಾರಿಯುದ್ದಕ್ಕೂ ಇವರು, ಅಜ್ಜಿಗೆ ನೀನೇ ಹೇಳಿಕೊಟ್ಟಿದ್ದೀ ಎಂದು ಜಗಳ ತೆಗೆದರು. ನಾನು ಏನೂ ಹೇಳಿಕೊಟ್ಟಿರಲಿಲ್ಲ. ಹಿಂದಿನ ಸಲ ಹೋದಾಗ ಅವಳು ನನ್ನ ಆರೋಗ್ಯ ವಿಚಾರಿಸಿದ್ದಳು, ನಾನು ಇವರದನ್ನು ಹೇಳಿದ್ದೆ, ಅಷ್ಟೇ.

ಪಾದ ತೊಳೆದ ದಿನ

ಶುಭ ಶುಕ್ರವಾರದ ಹಿಂದಿನ ಸಂಜೆ ನಮ್ಮಲ್ಲಿ ಪಾಸ್ಟರು ಸಭೆಯ ಹನ್ನೆರಡು ಮಂದಿಯ ಪಾದ ತೊಳೆಯುವ ಪದ್ಧತಿ. ಹೆಸರು ಬಂದವರೆಲ್ಲ ಮನೆಯಲ್ಲೇ ಸೋಪು ಹಚ್ಚಿ, ಹಿಮ್ಮಡಿ ತಿಕ್ಕಿ, ಕೊಬ್ಬರಿ ಎಣ್ಣೆ ಸವರಿಕೊಂಡು ಬರುತ್ತಾರೆ. ತೊಳೆಯಲು ಇವರಿಗೆ ಏನೂ ಉಳಿದಿರುವುದಿಲ್ಲ.

ಈ ಸಲ ನಾನು ಇವರಿಗೆಂದು ಒಂದು ಗಿಡ್ಡ ಸ್ಟೂಲ್ ಇಟ್ಟಿದ್ದೆ. ಇವರು ಅದನ್ನು ಕಾಲಿನಿಂದ ಸರಿಸಿ, "ಯೇಸುಸ್ವಾಮಿ ಸ್ಟೂಲ್ ಮ್ಯಾಲ ಕುಂತು ತೊಳದಾನೇನು?" ಎಂದು ಮೊಣಕಾಲೂರಿಯೇ ಬಿಟ್ಟರು. ಸಾಲಿನ ಕೊನೆಯಲ್ಲಿದ್ದವನು ಕಲ್ಲಿನ ಗಣಿಯಿಂದ ನೇರ ಬಂದಿದ್ದ. ಸುಣ್ಣಗಲ್ಲಿನ ಧೂಳು ಕಾಲಿಗೆ ಮೆತ್ತಿಕೊಂಡಿತ್ತು, ಅವನು ನಾಚಿ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ಇವರು ಆ ಕಾಲನ್ನೇ ಹಿಡಿದು, ಬೆರಳ ಸಂದಿಯನ್ನೂ ಬಿಡದೆ ಪ್ರೀತಿಯಿಂದ ತೊಳೆದರು. ನನ್ನ ಗಂಡನ ಬಗ್ಗೆ ನನಗೆ ಹೆಮ್ಮೆ ಅನಿಸುವುದು ಇಂಥ ಹೊತ್ತಿನಲ್ಲೇ.

ತೊಳೆದದ್ದು ಮುಗಿಯಿತು, ಆದರೆ ಇವರು ಏಳಲಿಲ್ಲ. ಕಣ್ಣು ಮುಚ್ಚಿ ತಲೆ ಬಾಗಿಸಿ ಹಾಗೇ ಇದ್ದರು. ಪಾಸ್ಟರು ಪ್ರಾರ್ಥನೆಯಲ್ಲಿ ಮುಳುಗಿದರು ಎಂದುಕೊಂಡಿತು ಸಭೆ. ಒಬ್ಬೊಬ್ಬರಾಗಿ ಎಲ್ಲರೂ ಮೊಣಕಾಲೂರಿದರು. ಕೆಲವರು ಬಿಕ್ಕಿ ಬಿಕ್ಕಿ ಅಳತೊಡಗಿದರು. ಇವರ ಹಣೆಯ ಮೇಲೆ ಬೆವರು ಕಂಡವಳು ನಾನೊಬ್ಬಳೇ. ಟವೆಲ್ ಕೊಡುವ ನೆಪದಲ್ಲಿ ಹತ್ತಿರ ಹೋಗಿ ಕೂತೆ.

"ಏಳಾಕ ಬರವಲ್ದು," ಎಂದು ಇವರು ಪಿಸುಗುಟ್ಟಿದರು.

"ಮತ್ತ ಏನ್ ಮಾಡಾಕತ್ತೀರಿ?"

"ದೇವರನ್ನ ಕರ್ಯಾಕತ್ತೀನಿ."

"ಅವನೇ ನನ್ನ ಕಳಿಸ್ಯಾನ. ಕೇಳ್ರಿ, ಏನ್ ಬೇಕು?"

ಇನ್ನೊಮ್ಮೆ ತಾವೇ ಏಳಲು ನೋಡಿದರು, ಆಗಲಿಲ್ಲ. ಆಮೇಲೆ, "ಕೈ ಕೊಡು," ಎಂದರು. ಮದುವೆಯಾದ ಮೇಲೆ ಈ ಮಾತು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಒಂದು ಕಡೆ ನಾನು, ಇನ್ನೊಂದು ಕಡೆ ಆ ಗಣಿಯವನು ಹಿಡಿದು ಎಬ್ಬಿಸಿದೆವು. ಕಣ್ಣು ಮುಚ್ಚಿ ಅಳುತ್ತಿದ್ದ ಸಭೆಗೆ ಅದು ಕಾಣಲೇ ಇಲ್ಲ. ನನಗೆ ನಗು ಬಂದದ್ದೂ ನಿಜ, ಕರುಳು ಚುರ್ ಎಂದದ್ದೂ ನಿಜ. ಮನೆ ಮುಟ್ಟುವ ಮೊದಲೇ ಇವರು, "ಡಾಕ್ಟರಿಗೆ ಫೋನ್ ಹಚ್ಚು," ಎಂದರು.

ಬೆಳಗಾಗುವಷ್ಟರಲ್ಲಿ ಪಾಸ್ಟರ ಪ್ರಾರ್ಥನೆಯ ಸುದ್ದಿ ಶಹಾಬಾದ್ ದಾಟಿ ಚಿತ್ತಾಪುರದವರೆಗೂ ಹೋಗಿತ್ತು. ಎಲ್ಲಿಂದಲೋ ಫೋನ್ ಮಾಡಿ, ಎಂಥಾ ದೀನತೆ, ಎಂಥಾ ಭಕ್ತಿ ಎಂದು ಹೊಗಳುವವರೇ. ಇವರಿಗೆ ಅದನ್ನು ಸಹಿಸಲಾಗಲಿಲ್ಲ. ಶುಕ್ರವಾರದ ಆರಾಧನೆಯಲ್ಲಿ ಕೋಲು ಹಿಡಿದು ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ನಿನ್ನೆ ನಾ ಪ್ರಾರ್ಥನಾ ಮಾಡಾಕ ಹಂಗ ಕುಂತಿದ್ದಿಲ್ಲ. ಮೊಣಕಾಲು ಹಿಡಕೊಂಡಿತ್ತು, ಏಳಾಕ ಬರಲಿಲ್ಲ. ಕೇಳಾಕ ಸೊಕ್ಕು ಅಡ್ಡ ಬಂತು. ಕಡೀಕ ಹೇಣ್ತಿ ಎಬ್ಬಿಸಿದಳು. ಈಗ ಆಪರೇಷನ್ ಮಾಡಿಸ್ಕೋತೀನಿ. ನೀವು ಎಲ್ಲಾರೂ ನನಗ ಆಸರ ಆಗಬೇಕು."

ಎಲ್ಲರೂ ತಲೆಯಾಡಿಸಿದರು. ಸತ್ಯ ಕೊನೆಗೂ ಎಲ್ಲರ ಮನಸ್ಸಿಗೆ ಇಳಿಯಿತು ಎಂದುಕೊಂಡು ನಾನು ಸಮಾಧಾನದ ಉಸಿರು ಬಿಟ್ಟೆ. ನನ್ನ ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನನ್ನ ಕೈ ಹಿಡಿದುಕೊಂಡಳು.

"ಭಾಳ ದೊಡ್ಡ ಮನುಷ್ಯಾರು ಬಿಡ್ರಿ ಪಾಸ್ಟರಮ್ಮಾ! ಅಷ್ಟೊತ್ತು ಪ್ರಾರ್ಥನಾ ಮಾಡಿ, ಮಾಡೇ ಇಲ್ಲ ಅಂತಾರ!"