ಮೀನು ಕಂಡರೆ ಬಾಯಿ ತೆರೆಯುವ ಮಗಳು

"ನಮ್ಮ ಮಗುಗೆ ನಾವು ಮೊಬೈಲ್ ತೋರಿಸೋದೇ ಇಲ್ಲ."

ಈ ಮಾತನ್ನು ನಾನು ಮೂಡಲಪಾಳ್ಯದ ನಮ್ಮ ರಸ್ತೆಯ ಉದ್ದಕ್ಕೂ ಹೇಳಿದ್ದೇನೆ. ತರಕಾರಿ ಗಾಡಿಯ ಮುಂದೆ, ಮಕ್ಕಳ ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೆ, ಎದುರು ಮನೆಯ ಹನುಮಕ್ಕನ ಮೊಮ್ಮಗನ ನಾಮಕರಣದಲ್ಲಿ (ಮೈಕಿಲ್ಲದೆಯೇ). ಮನೆಯಲ್ಲಂತೂ ಇದು ರಾಜಾಜ್ಞೆ. ಊಟದ ಹೊತ್ತಿನಲ್ಲಿ ನನ್ನ ಗಂಡ ಚನ್ನವೀರೇಶ್ ಫೋನು ಹೊರಗೆ ತೆಗೆದರೆ ನಾನು ಮಾತಾಡುವುದಿಲ್ಲ, ಬರೀ ದಿಟ್ಟಿಸುತ್ತೇನೆ. ಫೋನು ತಾನಾಗಿಯೇ ಜೇಬಿಗೆ ಹೋಗುತ್ತದೆ. ಆರು ವರ್ಷದ ಸಂಸಾರದಲ್ಲಿ ನನ್ನ ಮಾತು ನಡೆಯುವ ಇಲಾಖೆ ಇದೊಂದೇ. ಇದೂ ಕೈಬಿಟ್ಟರೆ ನನಗೆ ಉಳಿಯುವುದು ಸಿಂಕು ಮತ್ತು ಅದರಲ್ಲಿರುವ ಪಾತ್ರೆ.

ಈಗ ನಿಮಗೊಬ್ಬರಿಗೇ ಹೇಳುತ್ತೇನೆ, ಹೊರಗೆ ಬಿಡಬೇಡಿ. ತೋರಿಸುತ್ತೇನೆ.

ಮಧ್ಯಾಹ್ನ ಹನ್ನೆರಡೂವರೆಗೆ ನಮ್ಮ ಅತ್ತೆ ಬಸವರಾಜೇಶ್ವರಿಯವರು ಲಿಂಗಪೂಜೆಗೆ ಕೂರುತ್ತಾರೆ. ಕೂತರೆ ನಲವತ್ತು ನಿಮಿಷ ಅಂಗೈಯ ಲಿಂಗದಿಂದ ಕಣ್ಣು ಕದಲಿಸುವುದಿಲ್ಲ. ಏಳುವ ಹೊತ್ತಿಗೆ ರೊಟ್ಟಿ ಬಿಸಿಯಾಗಿರಬೇಕು. ರೂಮಿನೊಳಗೆ ಮೀಟಿಂಗಿನಲ್ಲಿರುವ ಗಂಡ "ವಿಜೀ, ಟೀ" ಎಂದಿರುತ್ತಾರೆ. ಗೇಟಿನಲ್ಲಿ ಗ್ಯಾಸ್ ಸಿಲಿಂಡರ್ ಬಂದಿರುತ್ತದೆ. ನನ್ನ ಕೈತುಂಬ ಜೋಳದ ಹಿಟ್ಟು. ಎರಡು ವರ್ಷದ ಮಗಳು ರಕ್ಷಾ ಅನ್ನದ ಮುಂದೆ ತುಟಿ ಬಿಗಿದು ಕೂತಿರುತ್ತಾಳೆ, ಉಪವಾಸ ಸತ್ಯಾಗ್ರಹಿಯ ಹಾಗೆ. ಆಗ ನಾನು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ಶಬ್ದ ಬಂದ್ ಮಾಡಿ, ಬಣ್ಣದ ಮೀನುಗಳ ವಿಡಿಯೊ ಹಾಕುತ್ತೇನೆ. ಮೀನು ಬಂತೋ, ಬಾಯಿ ತೆರೆಯಿತು. ವಿಡಿಯೊ ಮುಗಿಯುವುದರೊಳಗೆ ಬಟ್ಟಲು ಖಾಲಿ. (ಅಪರಾಧ ಅನ್ನುವವರು ದಯವಿಟ್ಟು ಒಂದು ಮಧ್ಯಾಹ್ನ ಬನ್ನಿ. ಲಟ್ಟಣಿಗೆ ಇಲ್ಲದೆ ರೊಟ್ಟಿ ತಟ್ಟಲು ಬರಬೇಕು, ಅಷ್ಟೆ.)

ಹೀಗಿರುವಾಗ ಗಂಡನಿಗೊಂದು ದಿವ್ಯ ಆಲೋಚನೆ ಬಂತು.

"ಮಕ್ಕಳಿಗೆ ಸ್ಕ್ರೀನ್ ಬೇಡ, ನಿಜವಾದ ಪ್ರಪಂಚ ತೋರಿಸ್ಬೇಕು ಅಂತ ನೀನೇ ಹೇಳ್ತೀಯಲ್ಲ? ಕೆಂಗೇರಿ ಹತ್ರ ಹೊಸ ಅಕ್ವೇರಿಯಂ ಶುರುವಾಗಿದೆಯಂತೆ. ಭಾನುವಾರ ಹೋಗೋಣ. ನಿನಗೂ ರೆಸ್ಟು."

ರೆಸ್ಟು ಎಂಬ ಪದ ಕೇಳಿದ ಮೇಲೆ ನನ್ನ ಬುದ್ಧಿ ಕೆಲಸ ಮಾಡಲಿಲ್ಲ. ಅಲ್ಲಿರುವುದೂ ಮೀನು, ಇಲ್ಲಿರುವುದೂ ಮೀನು ಎಂದು ಹೊಳೆಯಲೇ ಇಲ್ಲ.

ರೆಸ್ಟಿನ ಸಲುವಾಗಿ ಭಾನುವಾರ ಐದಕ್ಕೇ ಎದ್ದೆ. ಇಡ್ಲಿ ಬೇಯಿಸಿ, ಚಿತ್ರಾನ್ನ ಕಲಸಿ, ಡಯಾಪರು, ಎರಡು ಜೊತೆ ಬಟ್ಟೆ, ಬಿಸಿನೀರಿನ ಫ್ಲಾಸ್ಕು, ಜೊತೆಗೆ ಹೊರಟ ಅತ್ತೆಯ ಬಿಪಿ ಮಾತ್ರೆ, ಗಂಡನ ಕೂಲಿಂಗ್ ಗ್ಲಾಸು ಎಲ್ಲ ತುಂಬಿ ಚೀಲದ ಜಿಪ್ ಎಳೆದೆ. ತಲೆ ಬಾಚಿಕೊಂಡಿಲ್ಲವೆಂದು ನೆನಪಾದದ್ದು ಮೆಟ್ರೊದಲ್ಲಿ. ದಾರಿಯುದ್ದಕ್ಕೂ ಗಂಡ ಮಗುವನ್ನು ಎತ್ತಿಕೊಂಡಿದ್ದರು, ನಾನು ಮಗುವಿಗಿಂತ ಭಾರದ ಚೀಲವನ್ನು. ಪಕ್ಕದ ಸೀಟಿನ ಹುಡುಗಿ ಕರಗಿಹೋಗಿ, "ಸಾರ್ ಮಗುನ ಎಷ್ಟು ಚೆನ್ನಾಗಿ ನೋಡ್ಕೋತಾರೆ! ಪುಣ್ಯ ಮಾಡಿದೀರ ಆಂಟಿ" ಎಂದಳು. (ನನಗೆ ಮೂವತ್ತೊಂದು. ಬಾಚದ ತಲೆಯೇ ಕಾರಣವಿರಬೇಕು.)

ತಿಂಡಿ ತಿನಿಸು ಒಳಗೆ ಬಿಡುವುದಿಲ್ಲವೆಂದು ಅಕ್ವೇರಿಯಂ ಬಾಗಿಲಲ್ಲೇ ನನ್ನ ಚೀಲವನ್ನು ಇರಿಸಿಕೊಂಡರು. ಒಳಗೆ ತಂಪು, ನಸುಗತ್ತಲು, ಗೋಡೆಯುದ್ದಕ್ಕೂ ಹೊಳೆಯುವ ಗಾಜು. ಮೊದಲ ತೊಟ್ಟಿಯಲ್ಲಿ ಕಿತ್ತಳೆ ಬಣ್ಣದ ಮೀನೊಂದು ಬಾಲ ಬಳುಕಿಸಿತು. ನನ್ನ ಮಗಳು ಗಂಟಲ ಕಿರುನಾಲಿಗೆ ಕಾಣುವಷ್ಟು ಬಾಯಿ ತೆರೆದಳು.

"ಅವ್ವಾ, ನೋಡಿಲ್ಲಿ! ಆಶ್ಚರ್ಯಕ್ಕೆ ಬಾಯೇ ಮುಚ್ಚಿಲ್ಲ ನನ್ನ ಮಗಳು!" ಗಂಡ ಪುಳಕಿತರಾಗಿ ಫೋಟೊ ತೆಗೆದರು.

ನನಗೊಬ್ಬಳಿಗೇ ಗೊತ್ತು, ಅದು ಆಶ್ಚರ್ಯವಲ್ಲ, ಅನ್ನಸಾರಿನ ನಿರೀಕ್ಷೆ.

ತುತ್ತು ಬರಲಿಲ್ಲ. "ಮಮ್ಮು!" ಎಂದು ಮಗಳು ಗಾಜು ಬಡಿದಳು. ಎರಡನೆಯ ತೊಟ್ಟಿಗೂ ಅದೇ ಬಾಯಿ, ಅದೇ ಮಮ್ಮು.

"ಈಗ ತಾನೇ ಎರಡು ಇಡ್ಲಿ ತಿಂದೈತಲ್ಲೋ. ಬೆಳಗಿಂದ ಮನೇಲಿ ಒಂದ್ಸಲನೂ ಮಮ್ಮು ಅನ್ನಲಿಲ್ಲ, ಇಲ್ಲೇನು ಬಂತು?" ಎಂದರು ಅತ್ತೆ.

"ತಂಪಿಗೆ ಹಸಿವಾಗತ್ತೆ ಅತ್ತೆ" ಎಂದು ನಾನು ವೈಜ್ಞಾನಿಕವಾಗಿ ನುಡಿದು, ಎಲ್ಲರನ್ನೂ ಮುಂದೆ ಮುಂದೆ ನಡೆಸಿದೆ.

ಮೂರನೆಯ ತೊಟ್ಟಿಯಲ್ಲಿ ಬೂದುಬಣ್ಣದ, ಮುನಿಸಿಕೊಂಡ ಮುಖದ ದೊಡ್ಡ ಮೀನು. ಮಗಳಿಗೆ ಹಿಡಿಸಲಿಲ್ಲ. "ಬೇಡ" ಎಂದು ಗಾಜಿನ ಮೇಲೆ ಬೆರಳಿಟ್ಟು ಎಡಕ್ಕೆ ಸರ್ರನೆ ತಳ್ಳಿದಳು. ಮೀನು ಹೋಗಲಿಲ್ಲ. ಮತ್ತೆ ತಳ್ಳಿದಳು.

"ನೋಡು, ಗಾಜು ಒರೆಸ್ತಿದಾಳೆ. ಅಮ್ಮನ ಥರಾನೇ ನೀಟು!" ಗಂಡನಿಗೆ ಹೆಮ್ಮೆ.

"ಒರೆಸೋದಲ್ಲೋ ಅದು" ಎಂದು ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಫೋನು ತಳ್ಳೋದು. ಯಾರೋ ಈ ಕೂಸಿಗೆ ಫೋನು ತೋರಿಸ್ಯಾರೆ."

ಸಿಕ್ಕಿಬೀಳುವುದಕ್ಕೆ ಮುಂಚೆ ಇನ್ನೊಬ್ಬರನ್ನು ಹಿಡಿದುಕೊಡುವುದು ಸುರಕ್ಷಿತವೆಂದು ನನಗನ್ನಿಸಿತು. ಸೊಂಟಕ್ಕೆ ಕೈಯಿಟ್ಟು ತಿರುಗಿದೆ.

"ರೀ! ನಿಜ ಹೇಳಿ, ನೀವೇನಾದ್ರೂ ತೋರಿಸಿದ್ರಾ?"

ಸುಮ್ಮನೆ ಎಸೆದ ಕಲ್ಲು. ಆದರೆ ಗಂಡನ ಮುಖ ಸಪ್ಪಗಾಯಿತು!

"ಎರಡೇ ಸಲ ಕಣೇ… ನೀನು ಸ್ನಾನಕ್ಕೆ ಹೋದಾಗ. ತುಂಬಾ ಅಳ್ತಿದ್ಲು."

ಅಯ್ಯೋ, ನನ್ನ ಸಂತೋಷವೇ! ಸುತ್ತ ನಿಂತ ನಾಲ್ಕು ಕುಟುಂಬಗಳಿಗೂ ಕೇಳುವಂತೆ ನ್ಯಾಯಪೀಠವನ್ನೇರಿದೆ. "ಎರಡು ವರ್ಷದ ನನ್ನ ತಪಸ್ಸನ್ನ ನೀರಲ್ಲಿ ಹೋಮ ಮಾಡಿದ್ರಲ್ಲ! ಎಳೇ ಕಣ್ಣು, ಎಳೇ ಮೆದುಳು ಅಂತ ದಿನಾ ಬಡ್ಕೋತೀನಿ. ಇದಕ್ಕೆ ಶಿಕ್ಷೆ ಆಗ್ಲೇಬೇಕು. ಇನ್ನೊಂದು ತಿಂಗಳು ಮಧ್ಯಾಹ್ನದ ಊಟ ನೀವೇ ತಿನ್ನಿಸ್ಬೇಕು. ಫೋನಿಲ್ಲದೆ!"

"ಒಂದು ತಿಂಗಳಾ?" ಎಂದು ಅವರು ಗಲ್ಲಿಗೇರುವವರಂತೆ ಉಸುರಿದರು. "ಆಯ್ತು."

ಮೂವತ್ತು ಮಧ್ಯಾಹ್ನಗಳು! ಎರಡೂ ಕೈ ಬರೀ ರೊಟ್ಟಿಗೇ ಮೀಸಲು! ನಾನು ತೇಲುತ್ತಿದ್ದೆ. ಅತ್ತೆ ಮಾತ್ರ ನೆಲದ ಮೇಲೇ ಇದ್ದರು.

"ನೀನು ತೋರಿಸಿದ್ದೇನೋ?"

"ಕ್ರಿಕೆಟ್ಟವ್ವಾ."

"ಕ್ರಿಕೆಟ್ಟು ನೋಡಿದ ಕೂಸು ಮೀನಿಗೆ ಯಾಕೆ ಬಾಯಿ ತೆಗೀತೈತಿ?"

ಈ ಪ್ರಶ್ನೆಗೆ ನಾನು ಉತ್ತರ ಹುಡುಕುತ್ತಿರುವಾಗಲೇ, ದೇವರು ದೊಡ್ಡವನು, ಕರೆಂಟು ಹೋಯಿತು. ತೊಟ್ಟಿಗಳೆಲ್ಲ ಕಪ್ಪಾದವು. ತುರ್ತುದೀಪವೊಂದು ಮಂಕಾಗಿ ಹೊತ್ತಿತು. "ಒಂದೇ ನಿಮಿಷ, ಎಲ್ಲರೂ ನಿಂತಲ್ಲೇ ಇರಿ" ಎಂದು ಯಾರೋ ಕೂಗಿದರು. ಪ್ರಶ್ನೆ ಕತ್ತಲಲ್ಲಿ ಕರಗಿತೆಂದು ನಾನು ನಿಟ್ಟುಸಿರಿಟ್ಟೆ.

ಮಗಳು ಕರಗುವವಳಲ್ಲ. ಕಪ್ಪು ಗಾಜನ್ನು ನೋಡಿ ತುಟಿ ಉಬ್ಬಿಸಿದಳು. ಅಪ್ಪನ ತೋಳಿನಿಂದ ಬಾಗಿ ನನ್ನ ಬಲಗೈ ಹಿಡಿದಳು. ತೋರುಬೆರಳನ್ನು ಬಿಟ್ಟಳು, ಹೆಬ್ಬೆರಳನ್ನು ಆರಿಸಿದಳು. ಅದನ್ನು ಜೋಪಾನವಾಗಿ ಗಾಜಿನ ತಳಭಾಗಕ್ಕೆ ಒತ್ತಿ ಹಿಡಿದಳು, ನನ್ನ ಫೋನನ್ನು ತೆರೆಯುವ ಹಾಗೆ.

ಅದೇ ಕ್ಷಣಕ್ಕೆ ಜನರೇಟರ್ ಶುರುವಾಗಬೇಕೇ! ಝಗ್ಗನೆ ತೊಟ್ಟಿ ಬೆಳಗಿತು.

"ಬಂತು!" ಎಂದು ಚಪ್ಪಾಳೆ ತಟ್ಟಿ ಮಗಳು ಬಾಯಿ ತೆರೆದಳು.

ನನ್ನ ಹೆಬ್ಬೆರಳು ಇನ್ನೂ ಗಾಜಿನ ಮೇಲೆಯೇ ಇತ್ತು. ಗಂಡ ಗಂಟಲು ಸರಿಮಾಡಿಕೊಂಡು, ಬಹಳ ಮೃದುವಾಗಿ ಹೇಳಿದರು, "ವಿಜೀ, ನಂದು ನಂಬರ್ ಲಾಕು ಕಣೇ."

"ಹಂಗಾದ್ರೆ ಶಿಕ್ಷೆ ಯಾರಿಗೆ ಹೋಗ್ಬೇಕೋ ಅವರಿಗೇ ಹೋಗ್ಲಿ ಬಿಡು" ಎಂದರು ಅತ್ತೆ. ಗಂಡ ನಿರ್ದೋಷಿಯಾಗಿ ಬಿಡುಗಡೆಯಾದರು. ಸುತ್ತಲಿನ ನಾಲ್ಕೂ ಕುಟುಂಬಗಳು ತೀರ್ಪಿಗೆ ತಲೆದೂಗಿದವು. ಅಪ್ಪನಿಗೆ ಒಂದು ತಿಂಗಳ ಘೋರ ಶಿಕ್ಷೆಯಾಗಿದ್ದದ್ದು, ಅಮ್ಮನ ಕಡೆಗೆ ಹೊರಳುತ್ತಿದ್ದಂತೆ ಎಂದಿನ ಕೆಲಸವಾಯಿತೆಂಬುದನ್ನು ಯಾರೂ ಗಮನಿಸಿದಂತಿರಲಿಲ್ಲ. ಹೇಳೋಣವೆಂದುಕೊಂಡೆ.

ಆದರೆ ಗಾಜಿನ ಆಚೆಗೆ ಆ ಬೂದು ಮೀನು, ಈಚೆಗೆ ನನ್ನ ಮಗಳು, ಇಬ್ಬರೂ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರು. ಇಡೀ ಅಕ್ವೇರಿಯಮ್ಮಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತವಳು ನಾನೊಬ್ಬಳೇ.